ಹತ್ತು ಲೀಟರಿನ ತಾಲೀಮು

ಹೋದ ವರ್ಷ ಮಳೆಗಾಲದಲ್ಲಿ ಅವ್ವ ಧಾರವಾಡದಿಂದ ಬಂದು ನನ್ನ ಜೊತೆ ಎರಡು ತಿಂಗಳು ಇದ್ದಳು. ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ಕಾಲು ಜಾರಿತು. ಬಿದ್ದಳು ಅನ್ನುವುದಕ್ಕಿಂತ ಗೋಡೆ ಹಿಡಿದು ಜಾರುತ್ತ ನೆಲಕ್ಕೆ ಕೂತಳು ಅನ್ನಬೇಕು, ಏನೂ ಮುರಿಯಲಿಲ್ಲ. ಆದರೆ ಏಳಲು ಆಗಲಿಲ್ಲ. ನಾನು ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದೆ. ಎರಡನೇ ಸಲ ನನ್ನ ಸೊಂಟದಲ್ಲೇ ಏನೋ ಛಳಕ್ ಅಂತು. ‘ಬಿಡು, ನಿನ್ನ ಬೆನ್ನೂ ಹೋದೀತು’ ಅಂದಳು ನೆಲದ ಮೇಲಿಂದಲೇ. ಕೊನೆಗೆ ಎದುರು ಮನೆಯ ಮಾವಶಿ ಮತ್ತು ಅವರ ಮಗ ಬಂದು ಎಬ್ಬಿಸಿದರು. ಅವ್ವನ ತೂಕ 58 ಕಿಲೋ. ನನಗೆ 36 ವರ್ಷ.

ಆ ವಾರ ನನ್ನ ಮೇಜಿನ ಮೇಲಿದ್ದ ಕೆಲಸ ಯಾವುದು ಅಂದರೆ ನೀವು ನಗುತ್ತೀರಿ. ಮನೆಯಲ್ಲೇ ವ್ಯಾಯಾಮ ಶುರುಮಾಡುವವರಿಗಾಗಿ ಇರುವ ಒಂದು ಆ್ಯಪ್‌ನ ಕನ್ನಡ ಪಠ್ಯ. ಪದಕ್ಕೆ ಇಷ್ಟು ಅಂತ ಲೆಕ್ಕ. ‘ಬೆನ್ನು ನೇರವಾಗಿಟ್ಟು ಭಾರವನ್ನು ಎತ್ತಿರಿ’ ಅಂತ ಬರೆದು ಅದಕ್ಕೆ ದುಡ್ಡು ತೆಗೆದುಕೊಂಡವಳು ನಾನೇ. ಬಿಡಿ ಕೆಲಸದವರಿಗೆ ರಜೆ ಇಲ್ಲ; ಸೊಂಟ ಹಿಡಿದರೆ ಆ ವಾರದ ಪದಗಳೂ ಇಲ್ಲ, ದುಡ್ಡೂ ಇಲ್ಲ. ನಾಲ್ಕು ದಿನ ಮಲಗಿದಾಗ ಅದೂ ತಿಳಿಯಿತು.

ಹೊರಗೆ ನಡೆದಾಡಬಹುದಲ್ಲ ಅಂತ ಕೇಳುವವರು ಮಹಾಪೆ ನೋಡಿಲ್ಲ. ನಾನಿರುವುದು ಊರಿನ ಹಳೆಯ ಭಾಗದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಸುತ್ತ ಎಂಐಡಿಸಿಯ ಕಾರ್ಖಾನೆಗಳು, ಐಟಿ ಕಚೇರಿಗಳು. ಶಿಳ್‌ಫಾಟಾ ರಸ್ತೆಯಲ್ಲಿ ಹಗಲಿರುಳು ಟ್ರಕ್ಕುಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಜಿಮ್‌ಗೆ ಕೋಪರ್‌ಖೈರಣೆಗೋ ಘಣಸೋಲಿಗೋ ಹೋಗಬೇಕು, ರಿಕ್ಷಾ ಸಿಕ್ಕರೆ. ಹಾಗಾಗಿ ಮನೆಯೇ ಗತಿ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಸಾಮಾನು ತರಿಸಿದೆ. ಮಡಚುವ ಸೈಕಲ್. ಚೆನ್ನಾಗಿಯೇ ಇತ್ತು. ಬೆವರು ಬರುತ್ತಿತ್ತು, ಉಸಿರು ಸುಧಾರಿಸಿತು. ಆರು ವಾರ ಆದ ಮೇಲೆ ತುಂಬಿದ ಗ್ಯಾಸ್ ಸಿಲಿಂಡರ್ ಸರಿಸಲು ಹೋದಾಗ ಹಳೆಯ ಛಳಕು ಅಲ್ಲೇ ಇತ್ತು. ಸೈಕಲ್ಲಿನ ತಪ್ಪಿಲ್ಲ. ಅಂಗಡಿಯಲ್ಲಿ ‘ಯಾವುದು ಒಳ್ಳೆಯದು’ ಅಂತ ಕೇಳಿದ್ದೆ. ನನ್ನ ಮೈಗೆ ಏನು ಆಗುತ್ತಿಲ್ಲ ಅಂತ ನನ್ನನ್ನೇ ಕೇಳಿಕೊಂಡಿರಲಿಲ್ಲ. ಆಗದೇ ಇದ್ದದ್ದು ಒಂದೇ, ನೆಲದಿಂದ ಭಾರ ಎತ್ತುವುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಬೆವರಿನ ಚಟುವಟಿಕೆ ಹೇಳುತ್ತದೆ. ಎಲ್ಲರಿಗೂ ನೆನಪಿರುವುದು ಅಷ್ಟೇ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಅನ್ನುವುದೂ ಅದರಲ್ಲೇ ಇದೆ. ಅದನ್ನು ಕನ್ನಡಕ್ಕೆ ತಂದವಳಿಗೇ ನೆನಪಿರಲಿಲ್ಲ.

ಸೈಕಲ್ಲನ್ನು ಅರ್ಧ ಬೆಲೆಗೆ ಕೊಟ್ಟೆ. ವಾಶಿಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಅವರು ಒಂದು ಪೊರಕೆ ಕೋಲು ಕೊಟ್ಟು ಬೆನ್ನಿಗೆ ಉದ್ದಕ್ಕೆ ಹಿಡಿಯಲು ಹೇಳಿದರು. ಕೋಲು ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬೆನ್ನಿನ ಬುಡ, ಈ ಮೂರೂ ಕಡೆ ತಾಗಿರಬೇಕು. ಹಾಗೇ ಮುಂದಕ್ಕೆ ಬಾಗಬೇಕು. ಎರಡೂ ಕೈಯಲ್ಲಿ ಚೀಲ ಇದ್ದಾಗ ಹಿಂದಿನಿಂದ ಬಾಗಿಲು ನೂಕುತ್ತೇವಲ್ಲ, ಹಾಗೆ ಕುಂಡಿ ಹಿಂದಕ್ಕೆ ಹೋಗಬೇಕು. ನನ್ನ ಅನುವಾದದಲ್ಲಿ ಅದು ‘ಸೊಂಟದ ಕೀಲಿನಿಂದ ಮಡಚಿಕೊಳ್ಳಿ’ ಎಂದಿತ್ತು. ಆ ವಾಕ್ಯ ಓದಿ ಭೂಮಿಯ ಮೇಲೆ ಯಾರೂ ಬಾಗಲಾರರು.

ಅವರು ಹೇಳಿದ ಎರಡನೇ ಮಾತು ನನಗೆ ಬಹಳ ಹಿಡಿಸಿತು. ‘ಮನೆಯಲ್ಲಿ ಬಕೆಟ್ ಇದೆಯಲ್ಲ?’ ಅಂದರು. ಒಂದು ಲೀಟರ್ ನೀರು ಒಂದು ಕಿಲೋ. ಹತ್ತು ಲೀಟರಿನ ಎರಡು ಬಕೆಟ್, ಒಂದು ಲೀಟರಿನ ಮಗ್. ಎರಡರಲ್ಲೂ ನಾಲ್ಕು ನಾಲ್ಕು ಮಗ್ ನೀರಿಟ್ಟು ಶುರುಮಾಡಿದೆ. ನಡುವೆ ನಿಂತು, ಕುಂಡಿ ಹಿಂದೆ ಹಾಕಿ ಹಿಡಿಕೆ ಹಿಡಿದು ಎದ್ದು ನಿಲ್ಲುವುದು. ಎಂಟು ಸಲ ಎತ್ತಿ, ಸ್ವಲ್ಪ ದಣಿವಾರಿಸಿಕೊಂಡು ಮತ್ತೆ ಎಂಟು ಸಲ. ಇನ್ನೂ ಎರಡು ಸಲ ಆಗುತ್ತಿತ್ತು ಅನ್ನುವಾಗಲೇ ನಿಲ್ಲಿಸಬೇಕು. ಹನ್ನೆರಡು ಸಲ ಸಲೀಸಾಗಿ ಆದರೆ ಒಂದೊಂದು ಮಗ್ ಹೆಚ್ಚು. ತಂತಿಯ ಹಿಡಿಕೆ ಬೆರಳು ಕೊಯ್ಯುತ್ತದೆ, ಹಳೆಯ ಟವೆಲ್ ಸುತ್ತಿ. ನೀರು ಚೆಲ್ಲಿದರೆ ಮೊದಲು ಒರೆಸಿ. ನಮ್ಮ ಮನೆಯಲ್ಲಿ ಜಾರುವ ಪಾಠ ಒಮ್ಮೆ ಆಗಿದೆ.

ಉಳಿದವು ಇನ್ನೂ ಸುಲಭ. ಕುರ್ಚಿಯಲ್ಲಿ ಕೂತು ಕೈ ಊರದೆ ಏಳುವುದು. ನೂಕುವುದಕ್ಕೆ ದಂಡ, ಮೊದಲು ಗೋಡೆಗೆ, ಆಮೇಲೆ ಅಡುಗೆ ಕಟ್ಟೆಗೆ, ಆಮೇಲೆ ಮಂಚಕ್ಕೆ, ನೆಲ ಕೊನೆಗೆ. ಎಳೆಯುವುದಕ್ಕೆ ಮಾತ್ರ ಮನೆಯಲ್ಲಿ ಏನೂ ಇರುವುದಿಲ್ಲ, ಅದಕ್ಕೊಂದು ರಬ್ಬರ್ ಬ್ಯಾಂಡ್ ಕೊಂಡೆ, ಕಿಟಕಿ ಸರಳಿಗೆ ಸಿಕ್ಕಿಸಿ ಎಳೆಯಲು. ಅದು ಬಿಸಿಲಿಗೆ ಬಿರಿಯುತ್ತದೆ, ಆಗಾಗ ಎಳೆದು ನೋಡಬೇಕು. ಕಣ್ಣಿಗೆ ಬಡಿದರೆ ಕಷ್ಟ. ಸೋಮವಾರ, ಗುರುವಾರ, 25 ನಿಮಿಷ. ಮೊದಲ ಎರಡು ವಾರ ಮಾರನೇ ದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ಆ ನೋವು ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೀಲಿನಲ್ಲಿ ಚುಚ್ಚುವ ನೋವು ಬೇರೆ, ಅದಕ್ಕೆ ನಿಲ್ಲಿಸಬೇಕು. ಬಿಪಿ, ಹೃದಯದ ತೊಂದರೆ ಇರುವವರು ಬಕೆಟ್ ಮುಟ್ಟುವ ಮೊದಲೇ ಡಾಕ್ಟರನ್ನು ಕೇಳಲಿ.

ಬಕೆಟ್ಟುಗಳು ತುಂಬಿ ತುಳುಕಿದ ಮೇಲೆ, ಅಂದರೆ ನಾಲ್ಕು ತಿಂಗಳಿಗೆ, ಬಿಲ್ಲೆ ಹಾಕುವ ಡಂಬೆಲ್ ಜೋಡಿ ಕೊಂಡೆ. ಅಂಗಡಿಯವನು ಐದೈದು ಕಿಲೋದ ದೊಡ್ಡ ಬಿಲ್ಲೆ ತೋರಿಸುತ್ತಿದ್ದ. ಒಂದೊಂದು ಕಿಲೋದವು ಕೊಡಿ ಅಂದೆ. ಒಂದು ಮಗ್ ನೀರಿನ ಲೆಕ್ಕ ತಲೆಯಲ್ಲಿ ಕೂತಿತ್ತು. ಕೆಳಗಿನ ಮನೆಯವರ ಹಂಚಿಗಾಗಿ ಒಂದು ದಪ್ಪ ರಬ್ಬರ್ ಹಾಸು. ಇನ್ನೇನೂ ಕೊಂಡಿಲ್ಲ.

ಎದುರಿಗೆ ಯಾರೂ ಇಲ್ಲದೆ ಬರಹ ನಂಬಿ ಮನೆಯಲ್ಲಿ ಮೈ ಬಗ್ಗಿಸುವುದು ಮೊಬೈಲ್ ಕಾಲದ ಚಟ ಅಂದುಕೊಂಡಿದ್ದೆ. ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ಜೊತೆಗೆ ಅಂಚೆಯ ಮೂಲಕ ಅಂಗಸಾಧನೆ ಕಲಿಸುವ ಶಾಲೆಯನ್ನೂ ನಡೆಸುತ್ತಿದ್ದರು. ಅವರ ಇಂಗ್ಲಿಷ್ ಪುಸ್ತಕ ‘ಮಸಲ್ ಕಲ್ಟ್’ ಬಂದದ್ದು 1930ರಲ್ಲಿ. ಕಬ್ಬಿಣದ ಭಾರವನ್ನೂ ಸೂರ್ಯನಮಸ್ಕಾರವನ್ನೂ ಸೇರಿಸಿ ಕಲಿಸಿದವರು. ಕಾಗದದ ಮೇಲೆ ‘ಹೀಗೆ ಬಾಗು’ ಅಂತ ಬರೆದು, ಎಲ್ಲೋ ದೂರದ ಊರಿನವನು ಸರಿಯಾಗಿ ಬಾಗುವಂತೆ ಮಾಡುವುದು! ಅನುವಾದಕರು ಹೊಟ್ಟೆಕಿಚ್ಚುಪಡಬೇಕಾದ ಕೆಲಸ ಅದು.

ಆಮೇಲೆ ಆ ಆ್ಯಪ್‌ನ ಕನ್ನಡವನ್ನು ಒಂದೊಂದು ವಾಕ್ಯವನ್ನೂ ಮೈಯಲ್ಲಿ ಮಾಡಿ ನೋಡಿ ತಿದ್ದಿದೆ. ‘ಉದರದ ಸ್ನಾಯುಗಳನ್ನು ಸಂಕುಚಿತಗೊಳಿಸಿ’ ಹೋಗಿ ‘ಟೊಂಕ ಬಿಗಿಮಾಡಿ’ ಬಂತು. ಟೊಂಕ ಕಟ್ಟುವುದು ಬರೀ ನುಡಿಗಟ್ಟು ಅಂದುಕೊಂಡಿದ್ದೆ. ಭಾರ ಎತ್ತುವ ಮೊದಲು ಮಾಡುವ ಕೆಲಸವೇ ಅದು. ಅಭ್ಯಾಸ ಅನ್ನುವುದಕ್ಕೆ ‘ತಾಲೀಮು’ ಅಂತ ಬರೆದೆ. ಅರಬ್ಬಿಯಲ್ಲಿ ಅದು ಕಲಿಸುವುದು. ಇಲ್ಲಿನ ಮರಾಠಿಯಲ್ಲಿ ತಾಲೀಮ್ ಅಂದರೆ ಗರಡಿ. ನಮ್ಮಲ್ಲಿ ನಾಟಕಕ್ಕೂ ತಾಲೀಮು ಇದೆ. ‘ತೀರಾ ಹಳ್ಳಿ ಮಾತಾಯಿತು’ ಅಂತ ಅಲ್ಲಿಂದ ಟಿಪ್ಪಣಿ ಬಂತು. ವಾದ ಮಾಡಿ ಉಳಿಸಿಕೊಂಡೆ.

ಇಷ್ಟೆಲ್ಲ ಆದಮೇಲೆ ಫಿಸಿಯೋಥೆರಪಿಸ್ಟ್‌ಗೆ ಹೆಮ್ಮೆಯಿಂದ ಹೇಳಿದೆ, ಈಗ ಅವ್ವನನ್ನು ಎತ್ತಬಲ್ಲೆ ಅಂತ. ಅವರು ತಲೆ ಅಲ್ಲಾಡಿಸಿದರು. ಬಿದ್ದ ಹಿರಿಯರನ್ನು ಕಂಕುಳಲ್ಲಿ ಹಿಡಿದು ಎಳೆಯಬಾರದಂತೆ. ಮೊದಲು ಪೆಟ್ಟಾಗಿದೆಯೇ ನೋಡಬೇಕು. ಇಲ್ಲದಿದ್ದರೆ ಕುರ್ಚಿ ತಂದಿಡಬೇಕು. ಅವರು ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಕುರ್ಚಿಯ ಮೇಲೆ ಕೈ ಊರಿ, ಒಂದು ಪಾದ ಮುಂದಿಟ್ಟು ತಾವೇ ಏಳಬೇಕು. ಹಾಗಾದರೆ ಬಲ ಬೇಕಿದ್ದದ್ದು ಅವ್ವನ ತೊಡೆಗೂ. ಈ ಒಂದು ವರ್ಷ ನಾನು ನನ್ನ ಬಕೆಟ್ ಮಾತ್ರ ತುಂಬಿಸಿದ್ದೆ.

ದೀಪಾವಳಿಗೆ ಧಾರವಾಡಕ್ಕೆ ಹೋದಾಗ, ಅವಳ ಡಾಕ್ಟರನ್ನು ಕೇಳಿ, ಕುರ್ಚಿಯಿಂದ ಏಳುವುದನ್ನು ಕಲಿಸಿದೆ. ಮೊದಲ ದಿನ ಕೈ ಊರಿ ನಾಲ್ಕು ಸಲ. ಈಗ ಬೆಳಿಗ್ಗೆ ಫೋನ್ ಮಾಡಿದರೆ ಚಹಾ ಆಯಿತೇ ಅಂತ ಕೇಳುವ ಮೊದಲೇ ಲೆಕ್ಕ ಒಪ್ಪಿಸುತ್ತಾಳೆ. ‘ನಿನ್ನೆ ಒಂಬತ್ತು. ಇವತ್ತ ಮೊಳಕಾಲು ಹಿಡದಾವ, ಆರಕ್ಕ ಬಿಟ್ಟೆ. ನಿಂದೆಷ್ಟಾತು?’