ತೂತಿಲ್ಲದ ತಾಡಪತ್ರಿ

ಸೇಡಂ, ರಾತ್ರಿ

ಅಕ್ಕನ ಮಗ ಮಿಷಿಗನ್‌ನಿಂದ ಫೋನ್ ಮಾಡಿದ್ದ. ಹಳೆಯದೊಂದು ಮೋಟಾರ್ ದೋಣಿ ಕೊಂಡಿದ್ದಾನಂತೆ. "ಮಾಮಾ, ದೋಣಿ ಮುಂದಿನ ಗಾಜಿಗಿ ಕ್ಯಾನ್ವಾಸ್ ಹೊದಿಸಬೇಕಾಗ್ಯದ. ಆದ್ರ ಎಲ್ಲೂ ತೂತು ಹಾಕಂಗಿಲ್ಲ. ನಿಮಗೇನರ ಹೊಳೀತದೇನು?"

ನಮ್ಮ ವಂಶದಲ್ಲಿ ದೋಣಿ ಕೊಂಡವನು ಇವನೇ ಮೊದಲು. ಬೇಸಿಗೆಯಲ್ಲಿ ಕಾಗಿಣಾ ಹೊಳೆ ದಾಟಲು ನಮಗೆ ಧೋತರ ಎತ್ತಿ ಕಟ್ಟಿದರೆ ಸಾಕಿತ್ತು.

ತೂತು ಯಾಕೆ ಬೇಡ ಅಂದರೆ, ಅವನ ದೋಣಿಯ 'ಗಾಜು' ಅಕ್ರಿಲಿಕ್. ಅದರಲ್ಲಿ ಕೊರೆದ ತೂತಿನಿಂದಲೇ ಬಿರುಕು ಹೊರಡುತ್ತದೆ. ಕೆಳಗಿನ ಫೈಬರ್‌ಗೆ ಸ್ಕ್ರೂ ಹೊಡೆದರೆ ಅದರ ಸುತ್ತ ನೀರು ಇಳಿದು ಒಳಗಿನ ಪ್ಲೈವುಡ್ ಕೊಳೆಯುತ್ತದೆ. ಇಷ್ಟು ನನಗೆ ಅರ್ಥವಾಯಿತು. ಹೋದ ವರ್ಷ ತಾಡಪತ್ರಿ ಕಟ್ಟಲೆಂದು ಮನೆ ಮುಂದಿನ ಫರ್ಸಿ ಕಲ್ಲಿಗೆ ಕೊಕ್ಕೆ ಹಾಕಿಸಲು ಹೋದಾಗ, ಡ್ರಿಲ್ ತಾಗಿದ ಕೂಡಲೇ ಅಂಚು ಹಪ್ಪಳದ ಹಾಗೆ ಪದರವಾಗಿ ಎದ್ದು ಬಂದಿತ್ತು. ತಾಡಪತ್ರಿ ಇನ್ನೂ ಮಡಚಿಟ್ಟಲ್ಲೇ ಇದೆ. ತೂತಿಲ್ಲದೆ ಬಟ್ಟೆ ಕಟ್ಟುವುದು ಹೇಗೆಂದು ನೋಡಲು ಹೊರಟೆ.

ವಾಡಿ

ಸಿಮೆಂಟ್ ಲಾರಿಗಳ ಸಾಲು. ಇಲ್ಲಿಯ ಎಸಿಸಿ ಕಾರ್ಖಾನೆ 1968ರದು. ಅಂದಿನಿಂದ ಈ ಊರಿನಲ್ಲಿ ತಾಡಪತ್ರಿಯದೇ ಒಂದು ವಿದ್ಯೆ ಬೆಳೆದಿದೆ ಎಂದು ನನ್ನ ಗುಮಾನಿ. ಚೀಲಕ್ಕೆ ನೀರು ತಾಗಿದರೆ ಐವತ್ತು ಕಿಲೋ ಸಿಮೆಂಟ್ ಐವತ್ತು ಕಿಲೋ ಕಲ್ಲಾಗುತ್ತದೆ. ಹಾಗಾಗಿ ಕಟ್ಟುವವರು ಹುಡುಗಾಟ ಮಾಡುವುದಿಲ್ಲ.

ಗಮನಿಸಿದ್ದು: ಲಾರಿಯ ಬಾಡಿಯ ಕೆಳಗಡೆ ಕೊಕ್ಕೆಗಳಿವೆ, ತಾಡಪತ್ರಿಯ ಅಂಚಿಗೆ ಹಿತ್ತಾಳೆಯ ಕಣ್ಣುಗಳಿವೆ. ಆದರೆ ಹಳೆಯ ತಾಡಪತ್ರಿಗಳಲ್ಲಿ ಅರ್ಧಕ್ಕರ್ಧ ಕಣ್ಣು ಹರಿದು ಹೋಗಿವೆ. ಹಾಗಾದರೆ ಹಗ್ಗ ಎಲ್ಲಿಗೆ ಕಟ್ಟಿದ್ದಾರೆ? ಹತ್ತಿರ ಹೋಗಿ ನೋಡಿದೆ. ಅಂಚಿನಲ್ಲಿ ನಿಂಬೆಕಾಯಿ ಗಾತ್ರದ ಗುಬುಟುಗಳು. ಒಂದನ್ನು ಒತ್ತಿದೆ. ಒಳಗೆ ಕಲ್ಲು!

ಡ್ರೈವರ್ ನಕ್ಕ. "ಹರಳ್ರಿ ಸಾಹೇಬ್ರ. ಬಟ್ಟಿ ಒಳಗ ಹರಳಿಟ್ಟು, ಹೊರಗ ಅದರ ಕುತ್ತಿಗಿಗಿ ಜೀರುಗುಣಿಕಿ ಹಾಕೋದು. ಎಷ್ಟ್ ಜಗ್ಗತೀರಿ, ಅಷ್ಟ್ ಬಿಗೀತದ."

ಅಷ್ಟೇ. ಒಂದು ತೂತೂ ಇಲ್ಲ. ಊಟ ಮಾಡುತ್ತ ಕೂತಾಗಲೂ ಇದೇ ತಲೆಯಲ್ಲಿ. ಕಣ್ಣಿಗೆ ಹಗ್ಗ ಕಟ್ಟಿದರೆ ಇಡೀ ಜಗ್ಗು ಆ ಬಳೆಯ ಒಂದು ಬದಿಯ ನಾಲ್ಕೆಂಟು ಎಳೆಗಳ ಮೇಲೆ ಬೀಳುತ್ತದೆ. ಅವು ಹರಿದರೆ ಪಕ್ಕದವು, ಆಮೇಲೆ ಅದರ ಪಕ್ಕದವು. ಹರಳಿಗೆ ಕಟ್ಟಿದರೆ ಬಟ್ಟೆ ನೆರಿಗೆ ನೆರಿಗೆಯಾಗಿ ಸುತ್ತಲಿನಿಂದ ಕೂಡಿ ಬಂದಿರುತ್ತದೆ, ಭಾರ ಅಷ್ಟೂ ಎಳೆಗಳಿಗೆ ಹಂಚಿ ಹೋಗುತ್ತದೆ. ಜಗ್ಗಿದಷ್ಟೂ ಕುಣಿಕೆ ಕುತ್ತಿಗೆಯನ್ನು ಹಿಡಿಯುತ್ತದೆ. ಬಿಚ್ಚಿದರೆ ಬಟ್ಟೆ ಮೊದಲಿನ ಬಟ್ಟೆ, ಕಲ್ಲು ಮೊದಲಿನ ಕಲ್ಲು.

ಇನ್ನೊಂದು. ಹಗ್ಗದ ತುದಿಗೂ ಕೊಕ್ಕೆಗೂ ನಡುವೆ ಹಳೇ ಟ್ಯೂಬ್ ಕತ್ತರಿಸಿದ ಪಟ್ಟಿ. ಲಾರಿ ಓಡುವಾಗ ತಾಡಪತ್ರಿ ಮೇಲಕ್ಕೆ ಉಬ್ಬುತ್ತದೆ. ಮೇಲಿನ ಗಾಳಿ ವೇಗವಾಗಿ ಹರಿದು ಅಲ್ಲಿ ಒತ್ತಡ ಕಡಿಮೆಯಾಗುವುದೇ ಕಾರಣ. ಉಬ್ಬಿ, ಇಳಿದು, ಪಟಪಟ ಬಡಿದು ಗಂಟು ಸಡಿಲಾಗುತ್ತದೆ. ರಬ್ಬರ್ ಆ ಬಡಿತವನ್ನು ನುಂಗುತ್ತದೆ.

ಅದೇ ಲಾರಿಯ ಮುಂಗಾಜಿಗೆ ಹಳೆಯ ಚಾದರ. ಸಿಮೆಂಟ್ ಧೂಳಿನ ಮೇಲೆ ಇಬ್ಬನಿ ಬಿದ್ದರೆ ಗಾಜಿಗೆ ಕಚ್ಚಿಕೊಳ್ಳುತ್ತದಂತೆ, ಅದಕ್ಕೆ. ಎರಡು ತುದಿ ಎರಡು ಬಾಗಿಲ ಸಂದಿಯಲ್ಲಿ, ಕೆಳಗೆ ವೈಪರ್ ಒತ್ತು. ಬಾಗಿಲು ಹಾಕಿದರೆ ಅದೇ ಇಕ್ಕಳ. ಮೊಬೈಲ್‌ನಲ್ಲಿ ಫೋಟೋ ತೆಗೆದು ಮಿಷಿಗನ್‌ಗೆ ಕಳಿಸಿದೆ.

ಶಹಾಬಾದ್

ಫರ್ಸಿ ಖಣಿ. ಇಲ್ಲಿ ಸಮಸ್ಯೆಯೇ ಬೇರೆ. ನೆರಳಿಗೆ ತಾಡಪತ್ರಿ ಕಟ್ಟಬೇಕು, ಆದರೆ ಕಾಲ ಕೆಳಗೆ ಮಣ್ಣೇ ಇಲ್ಲ. ನೆಲವೆಲ್ಲ ಸುಣ್ಣದಕಲ್ಲಿನ ಹಾಸು. ಗೂಟ ಎಲ್ಲಿ ಹೊಡೆಯುವುದು?

ಹೊಡೆಯುವುದಿಲ್ಲ. ಹಗ್ಗದ ತುದಿಗೆ ಒಂದು ಫರ್ಸಿ ಕಟ್ಟಿ ಮಲಗಿಸಿ, ಅದರ ಮೇಲೆ ಮತ್ತೆರಡು ಹೇರುತ್ತಾರೆ. ಮುಗಿಯಿತು. ಖಣಿಯವರ ಕಡೆ ಸುತ್ತಿಗೆ, ಉಳಿ, ಹಾರಿ ಎಲ್ಲ ಇದೆ. ಕಲ್ಲು ಒಡೆಯುವುದರಲ್ಲೇ ಹುಟ್ಟಿ ಬೆಳೆದವರು. ಆದರೂ ಬಟ್ಟೆಗಾಗಿ ಕಲ್ಲು ಕೊರೆದವರನ್ನು ನಾನು ಅಲ್ಲಿ ಕಾಣಲಿಲ್ಲ. ನನ್ನ ಮನೆಯ ಅಂಚು ಯಾಕೆ ಎದ್ದಿತೆಂದು ಒಬ್ಬ ಹಿರಿಯರನ್ನು ಕೇಳಿದೆ. ಕಲ್ಲಿನ ಪದರಕ್ಕೆ ಎದುರು ಹೋಗಬಾರದು ಎಂಬಂತೆ ಅಂಗೈ ಮೇಲೆ ಅಂಗೈ ಜಾರಿಸಿ ತೋರಿಸಿದರು. ಈ ಕಲ್ಲು ಹಳೆಯ ಕಡಲಿನ ತಳದಲ್ಲಿ ಹಾಳೆ ಹಾಳೆಯಾಗಿ ಕೂತದ್ದು. ಎಬ್ಬಿಸುವುದೂ ಹಾಳೆಯ ಗುಂಟವೇ. ಅಂಚಿನ ಹತ್ತಿರ ನಡುಗುವ ಡ್ರಿಲ್ ಇಟ್ಟರೆ ಹಾಳೆ ಬಿಡದೇ ಇನ್ನೇನು?

ಒಂದು ಚೀಲ ಕಲ್ಲಿನ ಚಿಪ್ಪು ತಂದೆ, ಹರಳಿನ ಬದಲು ಬರುತ್ತದೆಂದು. ಬರಲಿಲ್ಲ. ಅಂಚು ಚೂಪು, ಬಟ್ಟೆ ಕುಯ್ಯುತ್ತದೆ. ಕಲ್ಲಿನ ಸೀಮೆಯಲ್ಲಿದ್ದೂ ದುಂಡು ಹರಳಿಗೆ ಹೊಳೆಗೇ ಹೋಗಬೇಕು.

ಚಿತ್ತಾಪುರ

ಇಲ್ಲಿ ಎರೆಮಣ್ಣು, ಗೂಟಕ್ಕೆ ತೊಂದರೆಯಿಲ್ಲ ಅಂದುಕೊಂಡಿದ್ದೆ. ರೈತ ತಲೆ ಆಡಿಸಿದ. ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ, ಗೂಟ ಬಿರುಕಿನಲ್ಲಿ ಅಲ್ಲಾಡುತ್ತದೆ. ಮಳೆಯಲ್ಲಿ ಬೆಣ್ಣೆಯಾಗಿ ಬಿಟ್ಟುಕೊಡುತ್ತದೆ. ತೊಗರಿ ರಾಶಿಗೆ ಹೊದಿಸಿದ ತಾಡಪತ್ರಿಯ ಸುತ್ತ ತುಂಬಿದ ಚೀಲಗಳನ್ನೇ ಸಾಲಾಗಿ ಇಟ್ಟಿದ್ದ. ಸರಕೇ ಹೊದಿಕೆಯನ್ನು ಕಾಯುತ್ತಿದೆ.

ಸನ್ನತಿಗೂ ಹೋಗಿ ಬಂದೆ. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದ ಮೇಲೆ ಅಶೋಕನ ಶಾಸನದ ಬಂಡೆ ಬೆಳಕಿಗೆ ಬಂತು. ಅದು ಅಷ್ಟು ಕಾಲ ಮೂರ್ತಿಯ ಪೀಠವಾಗಿತ್ತು. ಪೀಠ ಮಾಡುವಾಗ ಯಾರೋ ನಡುವೆ ಆಯತಾಕಾರದ ತೂತು ಕೊರೆದರು. ಅಲ್ಲಿದ್ದ ಬ್ರಾಹ್ಮೀ ಅಕ್ಷರಗಳು ಹೋದವು. ನಾನು ಬಂದದ್ದು ತಾಡಪತ್ರಿ ವಿಚಾರಕ್ಕೆ. ಆದರೂ ಆ ತೂತು ಕಣ್ಣ ಮುಂದಿನಿಂದ ಸರಿಯಲೊಲ್ಲದು.

ಭೀಮಾ ದಂಡೆಯಲ್ಲಿ ಮೀನುಗಾರನೊಬ್ಬನ ಹರಗೋಲು ಬೋರಲು ಬಿದ್ದಿತ್ತು. ಬಿದಿರ ಸೀಳಿನ ಬುಟ್ಟಿ, ಹೊರಗೆ ಡಾಂಬರು ಬಳಿದ ಹೊದಿಕೆ. ಹಿಂದೆ ಚರ್ಮವಿರುತ್ತಿತ್ತು. ಅಂತೂ ಒಂದು ದೋಣಿ ಸಿಕ್ಕಿತಲ್ಲ ಎಂದು ಕೂತು ನೋಡಿದೆ. ಹೊದಿಕೆಯನ್ನು ಬಾಯಂಚಿನ ಮೇಲಿಂದ ಒಳಕ್ಕೆ ಮಡಚಿ, ಬಿದಿರಿನ ಬಳೆಗೆ ಸೇರಿಸಿ ಸುತಳಿಯಿಂದ ಬಿಗಿದಿದ್ದಾನೆ. ಹೊಟ್ಟೆಯಲ್ಲಿ ಎಲ್ಲೂ ಮೊಳೆಯಿಲ್ಲ. ನೀರಿಗೆ ಇಳಿಸಿದ ಮೇಲಂತೂ ಹೊದಿಕೆಯನ್ನು ಬುಟ್ಟಿಗೆ ಒತ್ತಿ ಹಿಡಿಯುವುದು ನೀರೇ. ಲಾರಿಯ ಬಟ್ಟೆಯನ್ನು ಗಾಳಿ ಕಿತ್ತೊಯ್ಯಲು ನೋಡುತ್ತದೆ, ಹರಗೋಲಿನ ಬಟ್ಟೆಯನ್ನು ನೀರು ಅಪ್ಪಿಕೊಳ್ಳುತ್ತದೆ. ಅಳಿಯನ ಗಾಜು ಇರುವುದು ನೀರಿನ ಮೇಲೆ, ಆದರೆ ಅದರ ಕಷ್ಟ ಲಾರಿಯದು.

ಚಿಂಚೋಳಿ

ಚಂದ್ರಂಪಳ್ಳಿ ಕೆರೆಯ ಹಾದಿಯಲ್ಲಿ ಒಂದು ಜೀಪು. ಗಾಜಿಗೆ ಗೋಣಿಚೀಲ, ಮೇಲೆ ತೊಗರಿ ಕಟ್ಟಿಗೆಯ ಹೊರೆ. ಕಟ್ಟಿದ್ದೋ, ಬಿದ್ದದ್ದೋ ಗೊತ್ತಾಗಲಿಲ್ಲ. ಬರೆದುಕೊಳ್ಳುವಂಥದ್ದಲ್ಲ, ಬರೆದುಬಿಟ್ಟೆ.

ಸೇಡಂ, ಎರಡು ವಾರದ ಮೇಲೆ

ಮಿಷಿಗನ್‌ನಿಂದ ವಿಡಿಯೋ ಬಂತು. ಅಲ್ಲಿ ಅಂಟಿಸುವ ಗುಂಡಿ, ಗಾಜಿಗೆ ಕಚ್ಚುವ ರಬ್ಬರ್ ಬಟ್ಟಲು ಎರಡನ್ನೂ ಮೊದಲೇ ತರಿಸಿ ನೋಡಿದ್ದನಂತೆ. ಬಟ್ಟಲುಗಳು ಬಿಸಿಲಿಗೆ ಒಂದೊಂದಾಗಿ ಬಿಟ್ಟುಕೊಂಡವು. ಈಗ ನಮ್ಮ ಪದ್ಧತಿ. ಅವನ ದೋಣಿಯ ಗಾಜಿಗೆ ನಡುವೆ ಒಂದು ಪುಟ್ಟ ಬಾಗಿಲಿದೆ, ಮುಂದಕ್ಕೆ ಹೋಗಲು. ಲಾರಿಯ ಚಾದರದ ಹಾಗೆ ಬಟ್ಟೆಯ ಮಡಿಕೆಯನ್ನು ಅದರ ಸಂದಿಯಲ್ಲಿ ಸಿಕ್ಕಿಸಿದ್ದಾನೆ. ಕೆಳಗಿನ ಅಂಚಿಗೆ ಸರೋವರದ ದಂಡೆಯ ದುಂಡು ಹರಳು, ಜೀರುಗುಣಿಕೆ, ಹಗ್ಗ ಬದಿಯ ಕಂಬಿಗೆ. ಟ್ಯೂಬ್ ಸಿಗದೆ ಎಂಥದೋ ಬಣ್ಣದ ರಬ್ಬರ್ ಹಗ್ಗ ಹಾಕಿದ್ದಾನೆ, ಇರಲಿ.

"ಭಾಳ ಛಂದ ಕುಂತದ ಮಾಮಾ. ಒಂದೇ ತ್ರಾಸು. ರಾತ್ರಿ ಗಾಳಿ ಬಿಟ್ರ ಹರಳು ಗಾಜಿಗಿ ಟಕ್ ಟಕ್ ಬಡೀತದ. ಗಾಜಿಗಿ ಗೀರು ಬೀಳ್ತದೋ ಏನೋ ಅಂತ ಅಂಜಿಕಿ."

ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ವಾಡಿಗೆ ಹೋಗಿ ಅದೇ ಸಾಲಿನಲ್ಲಿ ಅದೇ ಡ್ರೈವರ್‌ನನ್ನು ಹುಡುಕಿದೆ. ಅವನಿರಲಿಲ್ಲ, ಲೋಡು ತಗೊಂಡು ಹೈದರಾಬಾದಿಗೆ ಹೋಗಿದ್ದ. ಟಯರ್ ನೋಡುತ್ತಿದ್ದ ಕ್ಲೀನರ್ ಹುಡುಗನಿಗೆ ವಿಡಿಯೋ ತೋರಿಸಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಗಾಜಿನ ಕಡಿ ಕಲ್ಲ್ ಯಾರ್ ಇಡ್ತಾರ್ರಿ ಕಾಕಾ? ಅಲ್ಲಿ ಚಿಂದಿ ಉಂಡಿ ಇಡಬೇಕು."