ಆರನೆಯ ಇಯತ್ತೆಯ ಪಾಲಕರ ಸಭೆ

ಶಾಲೆ ತೆರೆದ ಮೊದಲ ಭಾನುವಾರ ಸಂಜೆ ನಾವು ಆರನೆಯ ಇಯತ್ತೆಯ ಪಾಲಕರ ಸಭೆ ಕರೆಯುತ್ತೇವೆ. ಊರಿನ ಕನ್ನಡದಲ್ಲಿ ತರಗತಿ ಎನ್ನುವುದನ್ನು ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳು ಇಂದಿಗೂ ಇಯತ್ತೆ ಎನ್ನುತ್ತವೆ. ನಮಗೂ ಆ ಮಾತು ರೂಢಿಯಾಗಿದೆ. ವಾರದ ದಿನಗಳಲ್ಲಿ ಸಭೆ ಕರೆದರೆ ಯಾರೂ ಬರುವುದಿಲ್ಲವೆಂಬುದನ್ನು ನಾವು ಕಲಿತದ್ದು ತಡವಾಗಿ. ಬೆಳಗ್ಗೆ ಎಂಟಕ್ಕೆ ನಾಕಾದಲ್ಲಿ ನಿಂತವರಿಗೆ ಮಾತ್ರ ಆ ದಿನದ ಕೂಲಿ. ಶಾಲೆಗೆ ಬಂದು ಬೆಂಚಿನ ಮೇಲೆ ಕೂತವರಿಗೆ ಅದನ್ನು ಕೊಡುವವರು ಯಾರು?

ನಾವೆಂದರೆ ಇಬ್ಬರು ಶಿಕ್ಷಕಿಯರು. ಒಬ್ಬರದು ಗಣಿತ, ವಿಜ್ಞಾನ; ಇನ್ನೊಬ್ಬರದು ಕನ್ನಡ, ಇತಿಹಾಸ. ಉಳಿದದ್ದನ್ನು ಹಂಚಿಕೊಳ್ಳುತ್ತೇವೆ. ಈ ವರ್ಷ ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಹೆಸರುಗಳಿವೆ. ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಇಬ್ಬರ ತಂದೆಯರು ಹೋಟೆಲಿನಲ್ಲಿ ದುಡಿಯುವ ಕರಾವಳಿಯವರು. ಒಂದು ಕಾಲಕ್ಕೆ ಈ ಪ್ರಮಾಣ ತಿರುವುಮುರುವಾಗಿತ್ತೆಂದು ನಮ್ಮ ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಕರಾವಳಿಯವರ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಅವರು ಬಿಟ್ಟ ಬೆಂಚುಗಳಲ್ಲಿ ಬಯಲುಸೀಮೆಯ ಮಕ್ಕಳು ಕೂತರು. ಮುಂಬಯಿಯ ಕನ್ನಡ ಶಾಲೆಗಳು ಇನ್ನೂ ಬಾಗಿಲು ತೆರೆದಿರುವುದರಲ್ಲಿ ಕನ್ನಡಾಭಿಮಾನಕ್ಕಿಂತ ಸಿಮೆಂಟು ಮರಳುಗಳ ಪಾಲು ಹೆಚ್ಚು ಎಂದು ಸಂಘಗಳ ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲವಾದ್ದರಿಂದ ಇಲ್ಲಿ ಹೇಳುತ್ತಿದ್ದೇವೆ.

ಅಂದು ಮಳೆ ಜೋರಾಗಿತ್ತು. ಬಾಗಿಲ ಬಳಿ ಕೊಡೆಗಳೂ ಚಪ್ಪಲಿಗಳೂ ರಾಶಿಬಿದ್ದಿದ್ದವು. ಹನ್ನೊಂದು ಮಕ್ಕಳ ಮನೆಯಿಂದ ಹಿರಿಯರು ಬಂದಿದ್ದರು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತ ದೊಡ್ಡವರ ಮುಖದಲ್ಲಿ, ತಾವೇ ಏನೋ ತಪ್ಪು ಮಾಡಿ ಕರೆಸಿಕೊಂಡವರ ಅಳುಕಿತ್ತು. ಅದನ್ನು ಕಳೆಯಲೆಂದೇ ನಾವು ಅಕ್ಕಿಯಿಂದ ಮಾತು ಆರಂಭಿಸಿದೆವು.

ಐದನೆಯವರೆಗೆ ಮಧ್ಯಾಹ್ನದ ಊಟಕ್ಕೆ ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ ಧಾನ್ಯ. ಆರರಿಂದ ಎಂಟರವರೆಗೆ 150 ಗ್ರಾಂ. ಸರಕಾರದ ಲೆಕ್ಕದಲ್ಲಿ ಒಂದೇ ಬೇಸಗೆ ರಜೆಯೊಳಗೆ ಮಗುವಿನ ಹಸಿವು ಒಂದೂವರೆ ಪಟ್ಟಾಗುತ್ತದೆ. ತಾಯಂದಿರು ನಕ್ಕರು. ಮನೆಯ ಪಾತ್ರೆಯಲ್ಲಿ ಅವರು ಅದನ್ನು ಆಗಲೇ ಕಂಡಿದ್ದರು. ಹಸಿವಿನಂತೆಯೇ ಕೆಲಸವೂ ಹೆಚ್ಚುತ್ತದೆ ಎಂದೆವು. ಶಿಕ್ಷಣದ ಹಕ್ಕಿನ ಕಾಯಿದೆಯ ಪ್ರಕಾರ ಐದರವರೆಗಿನ ಮಕ್ಕಳಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠವಾದರೆ ಸಾಕು. ಆರರಿಂದ ಅದು 220 ದಿನ, 1000 ಗಂಟೆ. ಆದ್ದರಿಂದ ನಾಗರ ಪಂಚಮಿಗೆಂದು ಊರಿಗೆ ಕರೆದೊಯ್ದ ಮಗುವನ್ನು ದೀಪಾವಳಿ ಮುಗಿಸಿಕೊಂಡು ಕರೆತರುವ ಪದ್ಧತಿ ಈ ವರ್ಷ ಬೇಡವೆಂದು ಕೇಳಿಕೊಂಡೆವು. ಯಾರೂ ಎದುರಾಡಲಿಲ್ಲ. ಒಪ್ಪಿದರೆಂದೂ ನಾವು ತಿಳಿಯಲಿಲ್ಲ.

ಗಣಿತದ ಮಾತಿಗೆ ಬಂದಾಗ ಸಭೆ ಚೇತರಿಸಿಕೊಂಡಿತು. ಈ ವರ್ಷ ಮಕ್ಕಳು ಸೊನ್ನೆಗಿಂತ ಕೆಳಗಿನ ಸಂಖ್ಯೆಗಳನ್ನು ಮೊದಲ ಬಾರಿ ಕಾಣುತ್ತಾರೆ ಎಂದಾಗ ಹಿಂದಿನ ಬೆಂಚಿನ ಗೌಂಡಿಯೊಬ್ಬರು, "ಬೇಸ್‌ಮೆಂಟ್ ಒಂದು, ಬೇಸ್‌ಮೆಂಟ್ ಎರಡು ಅಂತಾರಲ್ರಿ, ಹಂಗೇನು?" ಎಂದರು. ಹಾಗೆಯೇ. ನಾವು ಪ್ರತಿವರ್ಷ ಉಷ್ಣತಾಮಾಪಕದ ಚಿತ್ರ ಬರೆದು, ಹಿಮ ಕಾಣದ ಮಕ್ಕಳಿಗೆ ಹಿಮದ ಉದಾಹರಣೆ ಕೊಟ್ಟು ದಣಿಯುತ್ತಿದ್ದೆವು. ಇನ್ನು ಮೇಲೆ ಲಿಫ್ಟಿನ ಗುಂಡಿಗಳ ಚಿತ್ರ ಬರೆಯಬೇಕೆಂದು ಅಲ್ಲೇ ನಿಶ್ಚಯಿಸಿಕೊಂಡೆವು.

ಅದೇ ಪುಸ್ತಕದಲ್ಲಿ ಶೇಕಡಾವಾರು, ಲಾಭ ನಷ್ಟ, ಬ್ಯಾಂಕು, ಸರಳ ಬಡ್ಡಿ ಇವೆ. ಬಡ್ಡಿಯೆಂದೊಡನೆ ಬೆಂಚುಗಳು ಮುಂದಕ್ಕೆ ಬಾಗಿದವು. ಒಬ್ಬ ತಾಯಿ ಎದ್ದು ನಿಂತು, ಸೆರಗನ್ನು ಸರಿಪಡಿಸಿಕೊಂಡು, ತಾವು ಮನೆಯ ಬಾಡಿಗೆಯ ಠೇವಣಿಗಾಗಿ ಇಪ್ಪತ್ತು ಸಾವಿರ ತಂದಿದ್ದು, ಬಡ್ಡಿ ನೂರಕ್ಕೆ ಮೂರು ಎಂದರು. ಮೂರು ತಿಂಗಳಿಗೋ ವರ್ಷಕ್ಕೋ ಎಂದು ಕೇಳಿದೆವು. ತಿಂಗಳಿಗೆ. ಕರಿಹಲಗೆಯ ಮೇಲೆ ಬರೆದೆವು: ತಿಂಗಳಿಗೆ 600, ವರ್ಷಕ್ಕೆ 7200. ಬ್ಯಾಂಕಿನವರು ಹೇಳುವ ರೀತಿಯಲ್ಲಿ ಹೇಳಿದರೆ ಶೇಕಡಾ 36. ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆ ತಾಯಿ ಅಂಕಿಯನ್ನು ಬಹಳ ಹೊತ್ತು ನೋಡಿ, "ಮೂರಂದ್ರ ಮೂರಽ ಅನ್ಕೊಂಡಿದ್ನೆವ್ವಾ" ಎಂದರು. ಅವರ ಮಗಳು ಮಾರ್ಚ್ ತಿಂಗಳ ಹೊತ್ತಿಗೆ ಈ ಲೆಕ್ಕವನ್ನು ಮನೆಯಲ್ಲೇ ಮಾಡಬಲ್ಲಳು ಎಂದೆವು. ಆರನೆಯ ಇಯತ್ತೆಯಿಂದ ಏನು ಪ್ರಯೋಜನವೆಂಬುದಕ್ಕೆ ಅಂದು ನಾವು ಕೊಟ್ಟ ಉತ್ತರಗಳಲ್ಲಿ ಅದೊಂದೇ ಗಟ್ಟಿಯಾದದ್ದು.

ಇತಿಹಾಸ ಈ ವರ್ಷ ಪ್ರಾಚೀನ ಭಾರತದ್ದು. ಹರಪ್ಪದಿಂದ ಹೊರಟು ದಕ್ಷಿಣದ ರಾಜ್ಯಗಳವರೆಗೆ ಬರುತ್ತದೆ: ಸಾತವಾಹನರು, ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು. ಮಾನ್ಯಖೇಟವೆಂದರೆ ಇಂದಿನ ಮಳಖೇಡ ಎಂದೊಡನೆ ಸೇಡಂ ಕಡೆಯ ತಂದೆಯೊಬ್ಬರು, "ನಮ್ಮೂರ ಬಾಜೂಕೇ ಅದರಿ, ಕಾಗಿಣಾ ದಂಡಿಗಿ. ನಮಗ ಸಿಮೆಂಟ್ ಫ್ಯಾಕ್ಟರಿ ಅಷ್ಟೇ ಗೊತ್ರಿ" ಎಂದರು. ಅದೇ ವಂಶದ ಒಂದನೆಯ ಕೃಷ್ಣ ಇದೇ ಮಹಾರಾಷ್ಟ್ರದ ಎಲ್ಲೋರದಲ್ಲಿ ಒಂದು ಬೆಟ್ಟವನ್ನೇ ಮೇಲಿನಿಂದ ಕೆಳಕ್ಕೆ ಕೊರೆಸಿ ಕೈಲಾಸ ದೇವಾಲಯ ಮಾಡಿಸಿದ ಎಂದು ಹೇಳಿದೆವು. "ಮ್ಯಾಲಿಂದ ಕೆಳಗ?" ಎಂದು ಗೌಂಡಿ ಮತ್ತೆ ಎದ್ದರು. ಅಡಿಪಾಯವಿಲ್ಲದೆ, ಹಾರೆಯೇರಿಸುವ ಸಾರುವೆಯಿಲ್ಲದೆ ಕೆಲಸ ಹೇಗೆ ನಡೆಯಿತೆಂದು ಅವರು ಕೇಳಿದ ಪ್ರಶ್ನೆಗಳಿಗೆ ನಮ್ಮ ಬಿ.ಎಡ್. ಪದವಿಗಳಲ್ಲಿ ಉತ್ತರವಿರಲಿಲ್ಲ. ಕವಿರಾಜಮಾರ್ಗ, ಗೋದಾವರಿಯವರೆಗಿನ ಕನ್ನಡ ನಾಡು ಮುಂತಾದವನ್ನು ನಾವು ಎತ್ತಲಿಲ್ಲ. ಸಮಾರಂಭಗಳಲ್ಲಿ ಅದನ್ನು ಕೇಳಿ ಕೇಳಿ ನಮಗೆ ತುಸು ಬೇಸರವಾಗಿದೆ.

ಗಂಡಸರನ್ನು ಚಹಾಕ್ಕೆ ಹೊರಗೆ ಕಳುಹಿಸಿ ತಾಯಂದಿರೊಡನೆ ಹತ್ತು ನಿಮಿಷ ಬೇರೆಯಾಗಿ ಮಾತಾಡಿದೆವು. ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳು ದೊಡ್ಡವರಾಗುತ್ತಾರೆ. ಆಗ ಶಾಲೆ ಬಿಡಿಸಬೇಡಿ, ನಮಗೆ ಹೇಳಿ, ಬೇಕಾದದ್ದು ನಮ್ಮ ಬೀರುವಿನಲ್ಲಿ ಇದೆ ಎಂದೆವು. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿರಲಿಲ್ಲ.

ಆ ಪ್ರಶ್ನೆ ಬಂದದ್ದು ಎಲ್ಲ ಮುಗಿಯಿತೆನ್ನುವಾಗ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್, ಹೀಗೆ ನಾಲ್ಕು ಭಾಷೆ ಮೂರು ಲಿಪಿಗಳನ್ನು ಈ ಮಕ್ಕಳು ಹನ್ನೊಂದರ ಹರೆಯದಲ್ಲಿ ನಿಭಾಯಿಸುತ್ತಾರೆ ಎಂದು ನಾವು ಹೆಮ್ಮೆಯಿಂದ ಹೇಳಿ ನಿಲ್ಲಿಸಿದ್ದೆವು. ಸೇಡಂ ಕಡೆಯವರೇ ಎದ್ದರು. ಅವರ ಮಗಳು ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವವಳು.

"ಅಕ್ಕೋರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮಕ್ಕಳು ಯಾವ ಸಾಲಿಗಿ ಹೋಗ್ತಾರ್ರಿ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲೊಬ್ಬರ ಮಗ, ಇನ್ನೊಬ್ಬರ ಇಬ್ಬರು ಹೆಣ್ಣುಮಕ್ಕಳು, ಮೂವರೂ ಇಂಗ್ಲಿಷ್ ಮಾಧ್ಯಮದವರು. ಮನೆಯಲ್ಲಿ ಕನ್ನಡವಾಡುತ್ತಾರೆ, ಅಂಗಡಿಯ ಫಲಕವನ್ನು ಕೂಡಿಸಿ ಕೂಡಿಸಿ ಓದುತ್ತಾರೆ, ಬರೆಯಲಾರರು. ಇದಕ್ಕೆ ನಮ್ಮ ಬಳಿ ಕಾರಣಗಳಿದ್ದವು: ಮನೆಯ ಹತ್ತಿರ ಕನ್ನಡ ಶಾಲೆಯಿರಲಿಲ್ಲ, ಮನೆಯ ಹಿರಿಯರು ಒಪ್ಪಲಿಲ್ಲ, ಮುಂದೆ ಕಾಲೇಜಿನಲ್ಲಿ ಕಷ್ಟವಾದೀತೆಂಬ ಭಯ. ಆದರೆ ಕೊನೆಯ ಕಾರಣವನ್ನು ಬಾಯಿಬಿಟ್ಟು ಹೇಳಿದೊಡನೆ ಅದು ಅವರದೂ ಆಗುತ್ತಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದೆವು. ಯಾರೂ ನಗಲಿಲ್ಲ, ನಕ್ಕಿದ್ದರೆ ಹಗುರವಾಗುತ್ತಿತ್ತು. ಅವರು ತಲೆಯಾಡಿಸಿ, ಹಾಗಾದರೆ ಮಗಳ ದಾಖಲೆ ತೆಗೆಸಿ ಇಂಗ್ಲಿಷ್ ಶಾಲೆಗೆ ಹಾಕುತ್ತೇನೆ, ಅರ್ಜಿ ಕೊಡಿ ಎಂದರು.

ಅರ್ಜಿ ಕೊಡುವ ಮೊದಲು ನಾವು ಕಂಡದ್ದನ್ನು ಹೇಳಿದೆವು. ಹಿಂದೆ ಇಲ್ಲಿಂದ ಇದೇ ಹಂತದಲ್ಲಿ ಇಂಗ್ಲಿಷ್ ಶಾಲೆಗೆ ಹೋದವರು ಕೆಲವರಿದ್ದಾರೆ. ಮನೆಯಲ್ಲಿ ನೆರವಿದ್ದ ಒಬ್ಬ ಹುಡುಗ ಎರಡು ವರ್ಷದಲ್ಲಿ ಹಿಡಿತಕ್ಕೆ ಬಂದ. ಇನ್ನೊಬ್ಬಳು, ಇಲ್ಲಿ ಕೈಯೆತ್ತದ ದಿನವಿಲ್ಲದವಳು, ಅಲ್ಲಿ ನಾಲ್ಕು ತಿಂಗಳು ಮಾತಾಡದೆ ಕೂತು, ದೀಪಾವಳಿ ಕಳೆದು ಮರಳಿ ಬಂದಳು. ಒಂದನೆಯಿಂದ ಇಂಗ್ಲಿಷಿನಲ್ಲಿ ಕಲಿತ ನಮ್ಮ ಮಕ್ಕಳ ದಾರಿ ಬೇರೆ, ಆರರಲ್ಲಿ ದಾರಿ ಬದಲಿಸುವ ಮಗುವಿನ ಪಾಡು ಬೇರೆ. ಇದು ನಮ್ಮನ್ನು ಸಮರ್ಥಿಸಿಕೊಳ್ಳುವ ಮಾತಿನಂತೆ ಕೇಳಿಸಿತೆಂದು ನಮಗೇ ಅನ್ನಿಸಿತು. ಆದರೂ ಅದು ನಿಜ.

ಆಮೇಲೆ, ಮೊದಲೇ ಯೋಚಿಸಿರದಿದ್ದ ಒಂದು ಮಾತು ಕೊಟ್ಟೆವು. ದಿನವೂ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಇಂಗ್ಲಿಷ್ ಓದಿಸುತ್ತೇವೆ. ಗಣಿತ ವಿಜ್ಞಾನಗಳ ಪದಗಳನ್ನು ಎರಡೂ ಭಾಷೆಯಲ್ಲಿ ಬರೆಸುತ್ತೇವೆ. ಮಕ್ಕಳನ್ನು ಆರೂವರೆಯವರೆಗೆ ಬಿಡಬೇಕು. ಅಲ್ಲಿ ಇನ್ನೊಂದು ತೊಡಕು ಎದ್ದಿತು. ತಾಯಿ ಕೆಲಸದಿಂದ ಬರುವುದು ಏಳಕ್ಕೆ. ಮೂರು ವರ್ಷದ ತಮ್ಮನನ್ನು ಪಕ್ಕದ ಮನೆಯಿಂದ ಬಿಡಿಸಿಕೊಂಡು ಬಂದು ನೋಡಿಕೊಳ್ಳುವವಳು ಆ ಹುಡುಗಿಯೇ. ತಮ್ಮನನ್ನೂ ಕರೆತರಲಿ ಎಂದೆವು. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತಿದ್ದರು; ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮನೆಗೆ ಹೋಗಿ ನಮ್ಮ ಮಕ್ಕಳಿಗೆ ಈ ಸುದ್ದಿ ಹೇಳಬೇಕಿತ್ತು. ಅವರ ಸಂಜೆಯ ಗಂಟೆಯನ್ನೇ ನಾವು ಬೇರೆಯವರಿಗೆ ಕೊಟ್ಟು ಬಂದಿದ್ದೆವು.

ತಂದೆ ಅರ್ಜಿಯನ್ನು ಕೇಳಿಯೇ ಪಡೆದರು. ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟು, ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿಕೊಂಡು ಮಳೆಗಿಳಿದರು.

ಸೋಮವಾರ ಹುಡುಗಿ ಬಂದಳು. ಮಂಗಳವಾರ ಸಂಜೆ ತಮ್ಮನನ್ನೂ ಕರೆತಂದಳು. ಅವನು ಮೊದಲ ಬೆಂಚಿನ ಕೆಳಗೆ ಸೀಮೆಸುಣ್ಣದಿಂದ ನೆಲವೆಲ್ಲ ಬಿಳಿಮಾಡಿದ. ಇದನ್ನು ಬರೆಯುತ್ತಿರುವಾಗ ಆಗಸ್ಟ್ ತಿಂಗಳು, ನಾಗರ ಪಂಚಮಿ ಹತ್ತಿರ ಬಂದಿದೆ. ಅರ್ಜಿ ಇನ್ನೂ ನಮ್ಮ ಕೈಗೆ ಮರಳಿಲ್ಲ.