ತಾಳಗುಪ್ಪದ ಹಳಿ, ಹೊಳೆಬಾಗಿಲಿನ ಲಾಂಚು

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ರೈಲು ದಾರಿ ಸುಮಾರು 97 ಕಿಲೋಮೀಟರ್. ಕುಂಸಿ, ಅರಸಾಳು, ಆನಂದಪುರ, ಸಾಗರ ಎಂದು ಹಳದಿ ಬೋರ್ಡುಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಕಿಟಕಿಯಾಚೆ ಒಮ್ಮೆ ಗದ್ದೆ ಬಯಲು, ಒಮ್ಮೆ ಅಡಿಕೆ ತೋಟ, ಮತ್ತೊಮ್ಮೆ ದಟ್ಟ ಕಾಡು. ತಾಳಗುಪ್ಪದಲ್ಲಿ ಹಳಿಯೇ ಮುಗಿದುಹೋಗುತ್ತದೆ. ಜೋಗ ನೋಡಲು ಬಂದವರು ಅಲ್ಲಿ ಇಳಿದು ಬಸ್ಸು ಹಿಡಿಯಬೇಕು. ದೊಡ್ಡ ಜಂಕ್ಷನ್ನುಗಳಿಲ್ಲದ, ಅವಸರವಿಲ್ಲದ ಈ ಮಲೆನಾಡಿನ ದಾರಿ, ಕ್ಯಾಮೆರಾ ಹಿಡಿದು ಹೊರಡುವ ವಿದ್ಯಾರ್ಥಿಗೆ ಒಂದು ಒಳ್ಳೆಯ ಪಾಠಶಾಲೆ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮುಂದಕ್ಕೆ ಕಾಡು ಕಡಿದು, ಏರು ತಗ್ಗಿಸಿ, 1940ರ ಹೊತ್ತಿಗೆ ಮೈಸೂರು ಸಂಸ್ಥಾನದ ರೈಲ್ವೆ ತಾಳಗುಪ್ಪವನ್ನು ಮುಟ್ಟಿತು. ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್ ಅಂತರ. ಅದಕ್ಕೇ ಮೀಟರ್‌ಗೇಜ್ ಎಂಬ ಹೆಸರು. ಸಂಸ್ಥಾನದ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಹುಟ್ಟಿತು. ಬೋಗಿಯ ಮೈಮೇಲಿನ ಅಕ್ಷರಗಳು ಹೀಗೆ ಬದಲಾಗುತ್ತ ಬಂದವು. ಹಳೆಯ ಚಿತ್ರವೊಂದರಲ್ಲಿ ಆ ಅಕ್ಷರಗಳು ಸ್ಪಷ್ಟವಾಗಿ ಕಂಡರೆ ಸಾಕು, ಚಿತ್ರ ಯಾವ ಕಾಲದ್ದೆಂದು ಅರ್ಧ ಲೆಕ್ಕ ಸಿಕ್ಕಂತೆಯೇ.

ಕೊನೆಯ ವರ್ಷಗಳಲ್ಲಿ ಈ ದಾರಿಯಲ್ಲಿ ರೈಲ್‌ಬಸ್ಸು ಓಡುತ್ತಿತ್ತು. ಹೆಸರೇ ಹೇಳುವಂತೆ ಹಳಿಯ ಮೇಲೆ ಓಡುವ ಬಸ್ಸು ಅದು. ಮಕ್ಕಳಿಗೆ ಅದೊಂದು ಆಟಿಕೆಯಂತೆ ಕಾಣುತ್ತಿತ್ತು. ಪೇಟೆಗೆ ಹೋಗಿಬರುವವರಿಗೆ ಮಾತ್ರ ದಿನನಿತ್ಯದ ಆಸರೆ. ಆಮೇಲೆ ಗೇಜ್ ಪರಿವರ್ತನೆಯ ಕೆಲಸ ಶುರುವಾಯಿತು. ಒಂದು ಮೀಟರಿನ ಹಳಿ ಕಿತ್ತು 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಹಾಕಲಾಯಿತು. 2011ರಲ್ಲಿ ದೊಡ್ಡ ರೈಲು ತಾಳಗುಪ್ಪಕ್ಕೆ ಬಂತು. ಬೆಂಗಳೂರಿಗೆ, ಮೈಸೂರಿಗೆ ನೇರ ಸಂಪರ್ಕ ಸಿಕ್ಕಿತು. ಊರಿನವರು ಹಿಗ್ಗಿದ್ದು ಸಹಜವೇ. ಹಳೆಯದೇ ಚೆಂದವಿತ್ತು ಎನ್ನುವವರಲ್ಲಿ ಬಹುಪಾಲು ಮಂದಿ ಅದರಲ್ಲಿ ದಿನವೂ ಪ್ರಯಾಣ ಮಾಡಿದವರಲ್ಲ!

ಆದರೆ ಹಳಿಯ ಜೊತೆಗೆ ಇನ್ನೂ ಎಷ್ಟೋ ಸಂಗತಿಗಳು ಹೋದವು. ಆ ಕಾಲದ ಮೀಟರ್‌ಗೇಜ್ ನಿಲ್ದಾಣಗಳಲ್ಲಿ ಕೈಕಂಬದ ಸಿಗ್ನಲ್ ಇರುತ್ತಿತ್ತು. ಕೈ ಅಡ್ಡಕ್ಕಿದ್ದರೆ ‘ನಿಲ್ಲು’, ಕೆಳಕ್ಕೆ ಬಾಗಿದರೆ ‘ಹೊರಡು’. ಅದರಲ್ಲಿ ಒಂದು ಜಾಣ್ಮೆಯಿದೆ. ಸಿಗ್ನಲ್ಲನ್ನು ಎಳೆಯುವ ತಂತಿ ನಡುವೆ ಎಲ್ಲಾದರೂ ಕಡಿದುಹೋದರೆ, ಕಂಬದಲ್ಲಿರುವ ಭಾರದ ಗುಂಡು ಕೈಯನ್ನು ತಾನಾಗಿ ‘ನಿಲ್ಲು’ ಸ್ಥಿತಿಗೆ ತರುತ್ತದೆ. ಕೆಟ್ಟರೂ ಅಪಾಯದ ಕಡೆಗೆ ಕೆಡದ ಹಾಗೆ ಮಾಡಿದ ಏರ್ಪಾಡು! ಸನ್ನೆಕೋಲಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ. ಟೋಕನ್ ಪದ್ಧತಿಯೂ ಹಾಗೆಯೇ. ಒಂಟಿ ಹಳಿಯ ದಾರಿಯಲ್ಲಿ ಎದುರುಬದುರು ಎರಡು ರೈಲು ಬರಬಾರದಲ್ಲ? ಆದ್ದರಿಂದ ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣದವರೆಗಿನ ಟೋಕನ್ ಚಾಲಕನ ಕೈಸೇರಿದ ಮೇಲೆಯೇ ರೈಲು ಹೊರಡಬೇಕು. ಲೋಹದ ಗುಂಡನ್ನು ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ, ಚಲಿಸುವ ಎಂಜಿನ್ನಿಗೆ ಎತ್ತಿಕೊಡುವ ಆ ಕ್ಷಣವನ್ನು ಕಂಡವರು ಮರೆಯಲಾರರು. ಆ ಬಳೆ ಹಿಡಿದು ನಿಂತವನ ಮುಖ ಎಷ್ಟು ಚಿತ್ರಗಳಲ್ಲಿ ಉಳಿದಿದೆ? ಎಂಜಿನ್ನಿನ ಚಿತ್ರ ತೆಗೆದವರು ಬಹಳ ಮಂದಿ. ಪಾಯಿಂಟ್ಸ್‌ಮನ್ನನ ಚಿತ್ರ ತೆಗೆದವರು ಕಡಿಮೆ.

ಅರಸಾಳಿನ ಕಥೆ ಸ್ವಲ್ಪ ಬೇರೆ. 1980ರ ದಶಕದಲ್ಲಿ ಶಂಕರ್‌ನಾಗ್ ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಎಂದು ಕಿರುತೆರೆಗೆ ತಂದಾಗ, ಕಲ್ಪನೆಯ ಮಾಲ್ಗುಡಿಗೆ ರೈಲು ನಿಲ್ದಾಣ ಒದಗಿಸಿದ್ದು ಈ ಅರಸಾಳು. ತೆಗೆದದ್ದು ಕಥೆ, ಉಳಿದದ್ದು ದಾಖಲೆ. ಹಳೆಯ ನಿಲ್ದಾಣದ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ‘ಮಾಲ್ಗುಡಿ’ ವಸ್ತುಸಂಗ್ರಹಾಲಯ ತೆರೆದರು. ಕ್ಯಾಮೆರಾ ಬಾರದೇ ಹೋಗಿದ್ದರೆ ಆ ಕಟ್ಟಡ ಉಳಿಯುತ್ತಿತ್ತೇ ಎಂಬುದು ಅನುಮಾನ.

ಉಗಿ ಎಂಜಿನ್ನುಗಳ ವಿಷಯದಲ್ಲಿ ಸಮಾಧಾನಪಡಬಹುದು. ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಉಗಿ ಎಂಜಿನ್ನನ್ನು 1972ರಲ್ಲಿ ಹೊರತಂದಿತು, ಅದು ಮೀಟರ್‌ಗೇಜಿನದು. ಮುಂದಿನ ಮೂರು ದಶಕದೊಳಗೆ ಮಾಮೂಲು ರೈಲುಗಳಲ್ಲಿ ಉಗಿಯ ಕಾಲ ಮುಗಿಯಿತು. 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ, 2020ರಲ್ಲಿ ತೆರೆದ ಹುಬ್ಬಳ್ಳಿಯದರಲ್ಲಿ ಹಳೆಯ ಸಾಮಗ್ರಿಗಳನ್ನು ಮುಟ್ಟಿ ನೋಡಬಹುದು. ಆದರೆ ಬಣ್ಣ ಬಳಿದು ನಿಲ್ಲಿಸಿದ ಎಂಜಿನ್ನೇ ಬೇರೆ. ಷೆಡ್ಡಿನಲ್ಲಿ ಬೂದಿ ಉದುರಿಸಿಕೊಂಡು, ಎಣ್ಣೆ ಕುಡಿದು, ನೀರಿನ ಕೊಳವೆಯ ಕೆಳಗೆ ಕಾಯುತ್ತಿದ್ದ ಎಂಜಿನ್ನೇ ಬೇರೆ. ಎರಡನೆಯದನ್ನು ನೋಡಲು ಇಂದು ಚಿತ್ರವೇ ಗತಿ.

ಚಿತ್ರ ತೆಗೆಯುವುದಕ್ಕೂ ಕೊಂಚ ಲೆಕ್ಕ ಬೇಕು. ಗಂಟೆಗೆ 36 ಕಿ.ಮೀ. ವೇಗದ ರೈಲು ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಕ್ಯಾಮೆರಾದ ಬಾಗಿಲು 1/125 ಸೆಕೆಂಡು ತೆರೆದಿದ್ದರೆ, ಅಷ್ಟರಲ್ಲಿ ರೈಲು 8 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಬೋಗಿಯ ಮೇಲಿನ ಅಕ್ಷರ ಕಲಸಿಹೋಗುವುದು ಅದಕ್ಕೇ. 1/500ಕ್ಕೆ ಇಳಿಸಿದರೆ 2 ಸೆಂಟಿಮೀಟರ್ ಮಾತ್ರ. ಅದೇ ರೈಲನ್ನು ಅಡ್ಡಡ್ಡ ಹಿಡಿಯದೆ, ಪ್ಲಾಟ್‌ಫಾರ್ಮಿನ ತುದಿಯ ತಿರುವಿನಲ್ಲಿ ಬರುವಾಗ ಓರೆಯಾಗಿ ಹಿಡಿದರೆ ಕಲಸುವುದು ಇನ್ನೂ ಕಡಿಮೆ. ಫಿಲ್ಮ್ ರೋಲಿನಲ್ಲಿ 36 ಚಿತ್ರವಷ್ಟೇ ಇದ್ದ ಕಾಲದಲ್ಲಿ ಈ ಲೆಕ್ಕ ಕೈಗೇ ಅಂಟಿರುತ್ತಿತ್ತು. ಈಗ ಮೊಬೈಲು ತಾನೇ ಲೆಕ್ಕ ಹಾಕುತ್ತದೆ, ಸರಿ. ಆದರೆ ಏನನ್ನು ತೆಗೆಯಬೇಕೆಂದು ಅದು ಹೇಳದು. ನಿಲ್ದಾಣದ ಬೋರ್ಡಿನಲ್ಲಿ ಬರೆದ ಸಮುದ್ರಮಟ್ಟದಿಂದ ಎತ್ತರ, ಹಳಿಯ ಮಗ್ಗುಲಲ್ಲಿ ಉಬ್ಬಿಸಿದ ಇಸವಿ, ಬೋಗಿ ಕಟ್ಟಿದ ಕಾರ್ಖಾನೆಯ ತಗಡು ಇವೆಲ್ಲ ಮುಂದೆ ಸಾಕ್ಷಿ ಹೇಳುವ ವಸ್ತುಗಳು.

ತಂದೆ ತಾಯಿಯರಿಗೆ ಒಂದು ಮಾತು. ಈ ಕೆಲಸ ಪ್ಲಾಟ್‌ಫಾರ್ಮಿನಿಂದ, ಸ್ಟೇಷನ್ ಮಾಸ್ತರರನ್ನು ಕೇಳಿಯೇ ಆಗಬೇಕು. ಅನುಮತಿಯಿಲ್ಲದೆ ಹಳಿಗೆ ಇಳಿದರೆ 1989ರ ರೈಲ್ವೆ ಕಾಯಿದೆಯಂತೆ ಆರು ತಿಂಗಳವರೆಗೆ ಸೆರೆಮನೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಕೆಲವೊಮ್ಮೆ ಎರಡೂ ಆಗಬಹುದು. ದಂಡದ ಮಾತು ಹಾಗಿರಲಿ, ಹಳಿಯ ಮೇಲೆ ನಿಂತು ಬೆನ್ನ ಹಿಂದೆ ರೈಲು ಬರಿಸಿಕೊಳ್ಳುವ ಹುಚ್ಚಾಟಕ್ಕೆ ಮಕ್ಕಳನ್ನು ಬಿಡಲೇಬಾರದು.

ಸಾಗರದಿಂದ ಇನ್ನೊಂದು ದಿಕ್ಕಿಗೆ ಹೊರಟರೆ ಹೊಳೆಬಾಗಿಲು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ಹರಡಿದಾಗ ಗದ್ದೆ, ತೋಟ, ದೇವಸ್ಥಾನ, ರಸ್ತೆ ಎಲ್ಲವೂ ಮುಳುಗಿದವು. ನಾಡಿಗೆ ಬೆಳಕು ಬಂತು. ತುಮರಿ ಸೀಮೆಯ ಜನಕ್ಕೆ ಸಾಗರ ಪೇಟೆಯೇ ಆಚೆ ದಡವಾಯಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ದಡಗಳ ನಡುವೆ ಓಡಾಡಿದ ಲಾಂಚು, ಬಸ್ಸು, ಜೀಪು, ಅಡಿಕೆ ಮೂಟೆ, ಸಿಗಂದೂರಿನ ಭಕ್ತರು ಎಲ್ಲರನ್ನೂ ಹೊತ್ತಿತು.

ಅಲ್ಲಿಯೂ ಒಂದು ಪಾಠವಿತ್ತು. ಲಾಂಚಿನ ತಳ 100 ಚದರ ಮೀಟರ್ ಇದೆ ಎಂದುಕೊಳ್ಳಿ. 10 ಟನ್ನಿನ ಬಸ್ಸು ಹತ್ತಿದರೆ ಅದು 10 ಘನಮೀಟರ್ ನೀರನ್ನು ಸರಿಸಬೇಕು. ಎಂದರೆ 10 ಸೆಂಟಿಮೀಟರ್ ಹೆಚ್ಚು ಮುಳುಗಬೇಕು. ಬಸ್ಸು ಹತ್ತುವ ಮೊದಲೊಂದು, ಹತ್ತಿದ ಮೇಲೊಂದು ಚಿತ್ರ ಒಂದೇ ಜಾಗದಿಂದ ತೆಗೆದಿಟ್ಟವನ ಬಳಿ ಆರ್ಕಿಮಿಡೀಸನ ತತ್ವವೇ ಫೋಟೋ ಆಗಿ ಕುಳಿತಿರುತ್ತದೆ.

ಪ್ರವಾಸಿಗರು ತೆಗೆದ ಲಾಂಚಿನ ಚಿತ್ರಗಳಿಗೆ ಲೆಕ್ಕವಿಲ್ಲ. ಹೆಚ್ಚಿನವು ಸೂರ್ಯಾಸ್ತದವು. ಆದರೆ ಸೂರ್ಯ ಮುಳುಗಿದ ಮೇಲೆ ಏನಾಗುತ್ತಿತ್ತು? ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು ಏನು ಮಾಡಬೇಕು? ಸುತ್ತು ದಾರಿ ಬಹಳ ದೂರ. ಮಳೆ ತಡವಾದ ವರ್ಷಗಳಲ್ಲಿ ನೀರು ಇಳಿದು ವಾಹನ ಹತ್ತಿಸುವುದೇ ಕಷ್ಟವಾಗುತ್ತಿತ್ತು. ಹೊಳೆ ದಾಟಿ ಕಾಲೇಜಿಗೆ ಹೋಗಬೇಕಾದ ಹುಡುಗರ ದಿನ ಲಾಂಚಿನ ವೇಳೆಗೆ ಕಟ್ಟಿಹಾಕಿದಂತಿತ್ತು. ಸೂರ್ಯಾಸ್ತದ ನೂರು ಚಿತ್ರಗಳಿಗಿಂತ, ಕೊನೆಯ ಲಾಂಚು ತಪ್ಪಿ ದಡದಲ್ಲಿ ನಿಂತ ಒಂದು ಜೀಪಿನ ಚಿತ್ರ ಆ ಸೀಮೆಯ ಬಾಳನ್ನು ಹೆಚ್ಚು ಹೇಳೀತು. ಸುಂದರವಾದದ್ದನ್ನೇ ಆರಿಸಿ ತೆಗೆದ ದಾಖಲೆ ಅರ್ಧ ಸುಳ್ಳು.

2025ರ ಜುಲೈ 14ರಂದು ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಅರವತ್ತು ವರ್ಷಗಳ ಬೇಡಿಕೆ ಅದು. ಲಾಂಚಿಗೆ ಕಾಯುವ ಸಾಲು ಕರಗಿತು. ದಡದಲ್ಲಿ ಚಹಾ, ಮಂಡಕ್ಕಿ ಮಾರುತ್ತಿದ್ದವರ ವ್ಯಾಪಾರವೂ ಅದರ ಹಿಂದೆಯೇ ಹೋಗುವಂಥದ್ದು. ಲಾಂಚು ನಡೆಸಿದವರು, ಹಗ್ಗ ಎಸೆದವರು, ಗಾಡಿಗಳನ್ನು ಇಂಚು ಇಂಚಾಗಿ ಹಿಂದಕ್ಕೆ ಕರೆದು ನಿಲ್ಲಿಸಿದವರು ಆ ಊರುಗಳಲ್ಲೇ ಸಿಗುತ್ತಾರೆ. ಅವರ ಚಿತ್ರ, ಅವರ ಮಾತು ಎರಡನ್ನೂ ಕೂಡಿಡಲು ಸಾಗರದ ಶಾಲೆಗಳಿಗೆ ಈಗ ಒಳ್ಳೆಯ ಸಮಯ.

ಹೊಸ ಕ್ಯಾಮೆರಾ ಕೊಳ್ಳುವ ಮೊದಲು ಮನೆಯ ಟ್ರಂಕು ತೆರೆಯುವುದು ಲೇಸು. ರೈಲ್ವೆಯಲ್ಲಿದ್ದ ಅಜ್ಜನಿಗೆ ನಿವೃತ್ತಿಯ ದಿನ ಹಾರ ಹಾಕಿ ಕುರ್ಚಿಯಲ್ಲಿ ಕೂರಿಸಿ ತೆಗೆದ ಗುಂಪು ಚಿತ್ರದಲ್ಲಿ ಹಿಂದೆ ನಿಂತಿರುವುದು ಯಾವ ಎಂಜಿನ್ನು? ಸಿಗಂದೂರಿಗೆ ಹೋದಾಗ ತೆಗೆದ ಚಿತ್ರದಲ್ಲಿ ಅತ್ತೆಯ ಬೆನ್ನ ಹಿಂದಿನ ಲಾಂಚು ಯಾವುದು? ಮಲೆನಾಡಿನ ಮಳೆಗಾಲದಲ್ಲಿ ನೆಗೆಟಿವ್‌ಗಳಿಗೆ ಬೂಷ್ಟು ಹಿಡಿಯುತ್ತದೆ. ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಗಿಟ್ಟು ಬಿಗಿಯಾದ ಡಬ್ಬದಲ್ಲಿ ಇಡಬೇಕು. ಚಿತ್ರದ ಹಿಂಬದಿಯಲ್ಲಿ ಊರು, ತಾರೀಖು, ಇರುವವರ ಹೆಸರು ಬರೆಯಬೇಕು. ಮೆತ್ತನೆಯ ಪೆನ್ಸಿಲ್ಲಿನಿಂದ, ಶಾಯಿ ಮುಂಭಾಗಕ್ಕೆ ಇಳಿಯುತ್ತದೆ. ಬರೆಯಿಸಿಕೊಳ್ಳುವುದಾದರೆ ಅಜ್ಜಿ ಮನೆಯಲ್ಲಿದ್ದಾಗಲೇ, ಒಂದೊಂದು ಚಿತ್ರವನ್ನೂ ಅವರ ಕೈಗೆ ಕೊಟ್ಟು ಕೇಳಿ ಬರೆಯಿಸಿಕೊಳ್ಳುವುದು ಒಳ್ಳೆಯದು.